ಟಾಕೊ ಭರಣಿಗೆ ಲಿಫ್ಟ್ ಬೋರ್ಡು

ಕುರ್ಚಿ ಇರುವುದು ಕೂರುವುದಕ್ಕೆ ಎಂದು ನಾವೆಲ್ಲ ತಿಳಿದಿದ್ದೇವೆ. ಅಲ್ಲಾಡಿಸೋ ಮಾವನ ಪ್ರಕಾರ ಅದಿರುವುದು ಮೊದಲು ಅಲ್ಲಾಡಿಸುವುದಕ್ಕೆ. ಪಾಸಾದರೆ ಆಮೇಲೆ ಕೂರುವ ಮಾತು. ಮೆಟ್ಟಿಲ ಕಂಬಿ, ಹೋಟೆಲಿನ ಮೇಜು, ಬಸ್ಸಿನ ಸೀಟು, ಎಲ್ಲಕ್ಕೂ ಇದೇ ನ್ಯಾಯ. ಮಗನ ಮದುವೆ ಗೊತ್ತಾದಾಗ ಬೀಗರ ಮನೆಯ ಹೊಸ ಸೋಫಾವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ, 'ಪರವಾಗಿಲ್ಲ' ಎಂದು ಸರ್ಟಿಫಿಕೇಟು ಕೊಟ್ಟು ಕೂತವರು ಅವರು. ಬೀಗಿತ್ತಿಯ ಮುಖ ಆ ಸಂಜೆಯೆಲ್ಲ ಗಂಟಿಕ್ಕಿಕೊಂಡೇ ಇತ್ತು.

ಮಾಡುವ ಕೆಲಸವೇ ಅಂಥದ್ದು, ಪಾಪ. ಲಿಫ್ಟ್ ರಿಪೇರಿ. ಎತ್ತರದ ಕಟ್ಟಡಗಳ ತುದಿಯ ಕೋಣೆಯಲ್ಲಿ ಗ್ರೀಸು ಮೆತ್ತಿಕೊಂಡು ಹಗ್ಗ ನೋಡುವುದು, ಬ್ರೇಕು ನೋಡುವುದು, ಬಾಗಿಲು ನೋಡುವುದು. ಎಳ್ಳಷ್ಟು ಅನುಮಾನ ಬಂದರೂ ಚೀಲದಿಂದ ಕೆಂಪು ಬೋರ್ಡು ತೆಗೆದು ನೇತುಹಾಕುವುದು: 'ಲಿಫ್ಟ್ ಕೆಟ್ಟಿದೆ. ಹತ್ತಬೇಡಿ.' ಆಮೇಲೆ ಮೇಲಿನ ಮಹಡಿಯ ವಕೀಲರು ಏದುಸಿರು ಬಿಡುತ್ತ ಎಷ್ಟೇ ಹಾರಾಡಲಿ, ಮಾವ ಜಪ್ಪಯ್ಯ ಎಂದರೂ ಬೋರ್ಡು ಇಳಿಸುವವರಲ್ಲ.

ಇಂಥ ಮನುಷ್ಯನ ಮನೆಯಲ್ಲೇ ಸೊಸೆ ಹುಷಾರು ತಪ್ಪಿದಳು. ಅವಳಿಗೆ ಗೋಧಿ ಆಗುವುದಿಲ್ಲ. ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಟು ಹೊಟ್ಟೆಗೆ ಹೋದರೆ ಅವಳ ಕರುಳು ರಂಪ ಮಾಡುತ್ತದೆ, ಒಂದು ಚೂರಾದರೂ ಸಾಕು. ಮದುವೆಯ ಹೊಸದರಲ್ಲಿ ಅತ್ತೆ ಪ್ರೀತಿಯಿಂದ ಸೂಪು ಮಾಡಿ, ಗಟ್ಟಿಯಾಗಲಿ ಎಂದು ಕೊನೆಗೆ ಒಂದಿಷ್ಟು ಮೈದಾ ಕದಡಿದ್ದರು. ಸೊಸೆ ಕುಡಿದಳು, ಹಾಸಿಗೆ ಹಿಡಿದಳು. "ಒಂದೇ ಒಂದು ಚಮಚ ಕಣ್ರೀ" ಎಂದು ಅತ್ತೆ ಗಳಗಳನೆ ಅತ್ತರು.

ಮಗ ಸೊಸೆ ಬೇರೆ ಮನೆ ಮಾಡಿಕೊಂಡಿದ್ದರು. ಅಂದಿನಿಂದ ಭಾನುವಾರದ ಊಟಕ್ಕೆ ಬರುವಾಗ ಸೊಸೆ ನೀಲಿ ಮುಚ್ಚಳದ ಡಬ್ಬಿಯೊಂದನ್ನು ಜೊತೆಗೆ ತರತೊಡಗಿದಳು. ಎಲ್ಲರೊಂದಿಗೆ ಮೇಜಿಗೆ ಕೂರುವಳು, ನಗುನಗುತ್ತ ಹರಟುವಳು, ತನ್ನ ಡಬ್ಬಿ ತೆರೆದು ತಿನ್ನುವಳು. ಮುನಿಸಿಲ್ಲ, ಕೊಂಕಿಲ್ಲ. ಮಾವನಿಗೆ ಸಂಕಟವಾದದ್ದು ಅದಕ್ಕೇ. ಜಗಳವಾಡಿದ್ದರೆ ರಾಜಿಯಾಗಬಹುದಿತ್ತು, ಡಬ್ಬಿಯ ಜೊತೆ ರಾಜಿಯಾಗುವುದು ಹೇಗೆ? ನನ್ನ ಮನೆಯಲ್ಲಿ ನನ್ನ ಸೊಸೆ ಬುತ್ತಿ ಕಟ್ಟಿಕೊಂಡು ಬಂದು ಉಣ್ಣಬೇಕೇ ಎಂದು ಅವರಿಗೆ ತುತ್ತು ಇಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಸೊಸೆ ಮಾತಿನ ನಡುವೆ, ಓದುವಾಗ ತನಗೆ ಟಾಕೊ ಎಂದರೆ ಪ್ರಾಣವಾಗಿತ್ತು ಎಂದಳು. ಮಾವ ಕಿವಿ ನಿಮಿರಿಸಿದರು. ಮೆಕ್ಕೆಜೋಳದ ಹಿಟ್ಟಿನ ಗರಿಗರಿ ಚಿಪ್ಪು, ಅದರೊಳಗೆ ಬೇಯಿಸಿದ ಕಾಳು, ಟೊಮೆಟೊ, ಚೀಸು. ಗೋಧಿಯ ಸುದ್ದಿಯೇ ಇಲ್ಲ! ಮುಂದಿನ ವಾರ ಡಬ್ಬಿಗೆ ರಜೆ ಕೊಡಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದರು.

ದೊಡ್ಡ ಅಂಗಡಿಯಲ್ಲಿ ಟಾಕೊ ಚಿಪ್ಪಿನ ಪ್ಯಾಕೆಟ್ಟುಗಳು ಸಾಲಾಗಿ ನಿಂತಿದ್ದವು. ಮಾವ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಅಂಕಲ್, ಒಳಗಡೆ ಎಲ್ಲ ಪುಡಿಯಾಗುತ್ತೆ" ಎಂದು ಅಂಗಡಿಯ ಹುಡುಗಿ ಓಡಿಬಂದಳು.

"ಗ್ಲುಟನ್ ಇದೆಯಾ ನೋಡ್ತಿದ್ದೀನಿ ಕಣಮ್ಮ."

"ಅಲ್ಲಾಡ್ಸಿದ್ರೆ ಅದು ಲೊಡಲೊಡ ಅನ್ನಲ್ಲ ಅಂಕಲ್. ಹಿಂದ್ಗಡೆ ಬರ್ದಿರ್ತಾರೆ, ಓದಿ."

ಮಾವ ಕನ್ನಡಕ ಏರಿಸಿದರು. ಮೊದಲ ಪ್ಯಾಕೆಟ್ಟಿನ ಮುಂದೆ ದಪ್ಪ ಮೆಕ್ಕೆಜೋಳದ ತೆನೆಯೊಂದು ಹಲ್ಲು ಕಿರಿಯುತ್ತಿತ್ತು. ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಗೋಧಿ ಹಿಟ್ಟು ಕೂತಿತ್ತು. "ಕಳ್ಳ ನನ್ಮಗ!" ಎಂದು ಮಾವ ತೆನೆಯನ್ನು ಬೈದರು. ಇನ್ನೊಂದರಲ್ಲಿ ಮೆಕ್ಕೆಜೋಳ, ಎಣ್ಣೆ, ಉಪ್ಪು ಮಾತ್ರ. ಮಾವನ ಮುಖ ಅರಳಿತು. ಆದರೆ ಪ್ಯಾಕೆಟ್ಟಿನ ಮಡಿಕೆ ಬಿಡಿಸಿದರೆ, ಇದೇ ಯಂತ್ರದಲ್ಲಿ ಗೋಧಿ ತಿಂಡಿಯನ್ನೂ ಮಾಡುತ್ತೇವೆ ಎಂಬ ತಪ್ಪೊಪ್ಪಿಗೆ. ಅದೂ ವಾಪಸು ಹೋಯಿತು. ಕೊನೆಗೆ ಕೆಳಗಿನ ಹಲಗೆಯ ಮೂಲೆಯಲ್ಲಿ ಸಣ್ಣದೊಂದು ಪ್ಯಾಕೆಟ್ಟು ಸಿಕ್ಕಿತು: ಗ್ಲುಟನ್ ಇಲ್ಲವೆಂದು ಪರೀಕ್ಷೆ ಮಾಡಿ ಹಾಕಿದ ದುಂಡು ಮುದ್ರೆ. ಮಾವ ಅದನ್ನು ಮೂರು ಸಲ ಓದಿ, ಹುಡುಗಿಯಿಂದಲೂ ಓದಿಸಿ, ಎದೆಗವಚಿಕೊಂಡರು.

ಇಲ್ಲಿಗೇ ಮನೆಗೆ ಹೋಗಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ. ಆದರೆ ಮಾವ ಯೋಚಿಸಿದರು: ಇದು ಸೊಸೆಗೆ, ಉಳಿದ ನಮಗೆ? ಎಂದುಕೊಂಡವರೇ ಹಲ್ಲು ಕಿರಿಯುವ ತೆನೆಯ ಪ್ಯಾಕೆಟ್ಟನ್ನೂ ಬುಟ್ಟಿಗೆ ಹಾಕಿಕೊಂಡರು.

ಈಗ ಅತ್ತೆಯ ಸ್ವಭಾವ ಹೇಳಬೇಕು. ಅತ್ತೆಗೆ ಪ್ಯಾಕೆಟ್ಟು ಕಂಡರಾಗದು. ಸಕ್ಕರೆಯಾಗಲಿ, ಸೋಪಿನ ಪುಡಿಯಾಗಲಿ, ಹೊಸ್ತಿಲು ದಾಟಿದ ಕೂಡಲೇ ಭರಣಿಗೆ ಸುರಿದು ಪ್ಯಾಕೆಟ್ಟನ್ನು ಕಸದ ಗಾಡಿಗೆ ಕಳಿಸಿದರೇ ಅವರಿಗೆ ಸಮಾಧಾನ. ಭಾನುವಾರ ಬೆಳಗ್ಗೆ ಮಾವ ಸ್ನಾನ ಮುಗಿಸಿ ಅಡುಗೆಮನೆಗೆ ಬಂದರೆ, ಫಳಫಳ ಹೊಳೆಯುವ ದೊಡ್ಡ ಗಾಜಿನ ಭರಣಿಯ ತುಂಬ ಟಾಕೊ ಚಿಪ್ಪು.

"ಇದ್ಯಾವ್ದೇ?" ಎಂದರು ಮಾವ.

"ನೀವು ತಂದಿದ್ದೇ ರೀ. ಎರಡೂ ಒಂದೇ ಥರ ಇತ್ತು, ಒಟ್ಟಿಗೆ ಹಾಕ್ದೆ. ಎಷ್ಟು ಲಕ್ಷಣವಾಗಿದೆ ನೋಡಿ."

ಮಾವ ಕುರ್ಚಿಯನ್ನು ಅಲ್ಲಾಡಿಸದೆಯೇ ಕುಸಿದು ಕೂತರು. ಅದನ್ನು ಕಂಡ ಮೇಲೇ ಅತ್ತೆಗೆ ತಾನು ಮಾಡಿದ್ದೇನೆಂದು ಹೊಳೆದದ್ದು. ಆ ದೊಡ್ಡ ಅಂಗಡಿಗೆ ಭಾನುವಾರ ರಜೆ. ಸೊಸೆ ಬರುವ ಹೊತ್ತಾಗಿತ್ತು.

ಮಾವ ಚಿಪ್ಪುಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದರು, ಮೂಸಿದರು, ಉಗುರಿನಿಂದ ತಟ್ಟಿ ಸದ್ದು ಕೇಳಿದರು. ನಾಲ್ಕೈದು ಚಿಪ್ಪು ಉಳಿದವಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಹಳದಿ.

"ಇವೇ ಇರ್ಬೇಕು, ಹೆಚ್ಚುಕಮ್ಮಿ ಖಚಿತ" ಎಂದರು.

"ಹಾಗಿದ್ರೆ ಕೊಟ್ಬಿಡೋಣ ರೀ" ಎಂದು ಅತ್ತೆ ಆಸೆಯಿಂದ ಕೇಳಿದರು. "ಪಾಪ, ಇವತ್ತೊಂದಿನ ನಮ್ಮನೇದು ತಿನ್ಲಿ."

ಮಾವನಿಗೂ ಅದೇ ಆಸೆ. ನಾಲಿಗೆಯ ತುದಿಗೆ 'ಹೂಂ' ಬಂದಿತ್ತು. ಆದರೆ ಹೆಚ್ಚುಕಮ್ಮಿ ಖಚಿತವಾದ ಲಿಫ್ಟಿನಲ್ಲಿ ಅವರು ಇಷ್ಟು ವರ್ಷ ಒಂದು ನರಪಿಳ್ಳೆಯನ್ನೂ ಹತ್ತಿಸಿದವರಲ್ಲ. ಅಳದ ಮನುಷ್ಯ, ಕಣ್ಣು ಮಾತ್ರ ಒದ್ದೆಯಾಯಿತು. ಎದ್ದು ಹೋಗಿ ಕೆಲಸದ ಚೀಲ ತೆರೆದರು.

ಸೊಸೆ ಗಂಡನ ಜೊತೆ ಒಳಗೆ ಬಂದಾಗ ಮೇಜಿನ ನಡುವೆ ಭರಣಿಯಿತ್ತು, ಭರಣಿಯ ಕೊರಳಲ್ಲಿ ಕೆಂಪು ಬೋರ್ಡಿತ್ತು: 'ಲಿಫ್ಟ್ ಕೆಟ್ಟಿದೆ. ಹತ್ತಬೇಡಿ.' ಪಕ್ಕದಲ್ಲಿ ಅತ್ತೆ ಮಾವ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದರು.

"ಏನ್ ಮಾವ ಇದು?"

"ನಿನಗೆ ಅಂತ ಸರಿಯಾದ್ದನ್ನೇ ಹುಡುಕಿ ತಂದಿದ್ದೆ ಕಣಮ್ಮ. ನಮ್ಮದೂ ನಿನ್ನದೂ ಬೆರ್ತೋಯ್ತು, ಪುಡಿನೂ ಸೇರ್ಕೊಂಡಿರುತ್ತೆ. ಯಾವ್ದು ಯಾವ್ದೋ ನಂಗೊತ್ತಾಗ್ತಿಲ್ಲ. ತಿನ್ನಬೇಡ."

ಸೊಸೆ ಮೊದಲು ಬೋರ್ಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ಎಲ್ಲರ ಮನೇಲೂ 'ಏನೂ ಆಗಲ್ಲ, ತಿನ್ನು' ಅಂತಾರೆ ಮಾವ. ಗೊತ್ತಾಗ್ತಿಲ್ಲ, ತಿನ್ನಬೇಡ ಅಂದೋರು ನೀವೊಬ್ರೇ." ಆಮೇಲೆ ಭರಣಿಯತ್ತ ನೋಡಿ, "ಆದ್ರೆ ಎರಡು ಥರ ಯಾಕೆ ತಂದ್ರಿ? ನಿಮ್ಮದು ನನಗಾಗಲ್ಲ. ನನ್ನದು ನಿಮಗೆಲ್ಲ ಆಗುತ್ತಲ್ವಾ?"

ಮಾವ ಅತ್ತೆಯನ್ನು ನೋಡಿದರು, ಅತ್ತೆ ಮಗನನ್ನು, ಮಗ ಸೂರನ್ನು. ಇಷ್ಟು ಸರಳವಾದ ಮಾತು ಆ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಆ ದಿನ ಸೊಸೆ ತನ್ನ ಡಬ್ಬಿಯದ್ದನ್ನೇ ತಿಂದಳು. ಉಳಿದವರು ಭರಣಿಯನ್ನು ಖಾಲಿ ಮಾಡಿದರು.

ಮುಂದಿನ ಭಾನುವಾರ ಮೇಜಿನ ಮೇಲೆ ದುಂಡು ಮುದ್ರೆಯ ಪ್ಯಾಕೆಟ್ಟುಗಳು ಮಾತ್ರ ಇದ್ದವು, ಒಂದನ್ನೂ ಒಡೆದಿರಲಿಲ್ಲ. ಭರಣಿಗೆ ಸುರಿಯಲು ಕೈ ತುರಿಸುತ್ತಿದ್ದುದರಿಂದ ಅತ್ತೆ ಬೆಳಗಿನಿಂದ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದರು. ಬಾಗಿಲು ತೆರೆಯಿತು. ಮಾವನ ಕಣ್ಣು ಮೊದಲು ಹೋದದ್ದು ಸೊಸೆಯ ಕೈಗೆ. ಕೈಯಲ್ಲಿ ಡಬ್ಬಿ ಇರಲಿಲ್ಲ.

ಅವಳು ಕುರ್ಚಿ ಎಳೆದು, ಮಾವನನ್ನೇ ನೋಡುತ್ತ ಎರಡೂ ಕೈಯಲ್ಲಿ ಅದನ್ನು ಅಲ್ಲಾಡಿಸಿದಳು.

"ಪರವಾಗಿಲ್ಲ" ಎಂದು ಕೂತು, ಪ್ಯಾಕೆಟ್ಟಿಗೆ ಕೈ ಹಾಕಿದಳು.