ಮುಚ್ಚದೆ ಇಟ್ಟ ನೀರು

ನನ್ನದೊಂದು ದೌರ್ಬಲ್ಯವಿದೆ, ಮೊದಲೇ ಹೇಳಿಬಿಡುತ್ತೇನೆ. ನಲ್ಲಿ ತಿರುಗಿಸಿದಾಗ ನೀರು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಕೈ ತಾನಾಗಿಯೇ ಪಾತ್ರೆ ಹುಡುಕುತ್ತದೆ. ತಾರ್ನಾಕದ ನಮ್ಮ ಗಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ತನಗೆ ಮನಸ್ಸಾದ ಹೊತ್ತಿಗೆ. ಹೊರಗೆ ಪಕ್ಕದ ಮನೆಯ ಆಂಟಿ ‘ನಲ್ಲಾ ವಚ್ಚಿಂದಿ’ ಎಂದು ತೆಲುಗಿನಲ್ಲಿ ಕೂಗುತ್ತಾರೆ, ಒಳಗೆ ನಮ್ಮವ್ವ ‘ನಳ ಬಂತು’ ಎನ್ನುತ್ತಾಳೆ. ಎರಡು ಭಾಷೆಯಲ್ಲಿ ಎಚ್ಚರಗೊಂಡ ನಾವು ಕೊಡ, ಬಕೀಟು, ತಪೇಲಿ, ಕಡೆಗೆ ಚಹಾದ ಪಾತ್ರೆಯನ್ನೂ ಬಿಡದೆ ತುಂಬುತ್ತೇವೆ. ತುಂಬಿದ ಮೇಲೆ ತಾಟು ಮುಚ್ಚಬೇಕು. ನೀರು ಮುಚ್ಚಿಡದ ಮನೆ ನಮ್ಮವ್ವನ ಪ್ರಕಾರ ಮನೆಯೇ ಅಲ್ಲ.

ಇಂಥ ನಾನು ಕಳೆದ ವರ್ಷ ವಿನಿಮಯ ವಿದ್ಯಾರ್ಥಿನಿಯಾಗಿ ಆರು ತಿಂಗಳಿಗೆ ಪೋರ್ಚುಗಲ್ಲಿನ ಕಡಲತಡಿಯ ಸಣ್ಣ ಊರೊಂದಕ್ಕೆ ಹೋದೆ. ಅಲ್ಲಿಯವರೆಗೆ ನಾನು ಸಮುದ್ರ ಕಂಡಿರಲಿಲ್ಲ. ಚಿಕ್ಕವಳಿದ್ದಾಗ ಟ್ಯಾಂಕ್ ಬಂಡಿನ ಮೇಲೆ ನಿಲ್ಲಿಸಿ ಅಪ್ಪ, ಈ ಹುಸೇನ್ ಸಾಗರವನ್ನು ನೂರು ಪಟ್ಟು ಮಾಡಿಕೋ, ಸಮುದ್ರವಾಯಿತು ಎಂದಿದ್ದ. ಅಪ್ಪನೂ ಕಂಡಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ತಪ್ಪೇನಿಲ್ಲ ಬಿಡಿ. ಹಳೆಯ ಕಾಲದಲ್ಲಿ ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳಿರಬೇಕು, ಅದರಲ್ಲಿ ಸಮುದ್ರವೂ ಇರಬೇಕು ಎಂಬ ಕಟ್ಟುಪಾಡಿತ್ತು. ಒಣನೆಲದಲ್ಲಿ ಕುಳಿತು ಕಡಲು ಉಕ್ಕಿಸಿದ ಕವಿಗಳು ಎಷ್ಟು ಜನರೋ, ಅಪ್ಪ ಆ ಪರಂಪರೆಯವನು.

ಲೂಸಿಯಾ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯ ಮಹಡಿಯಲ್ಲಿ ನನಗೆ ಕೋಣೆ ಸಿಕ್ಕಿತು. ಕಿಟಕಿ ತೆರೆದರೆ ಇಡೀ ಸಮುದ್ರ. ನಾನು ಬ್ಯಾಗನ್ನೂ ಇಳಿಸದೆ ಅರ್ಧ ಗಂಟೆ ನಿಂತೇ ಇದ್ದೆ. ಆದರೆ ಕಾಲೇಜಿನವರು ಒಂದು ಷರತ್ತು ಇಟ್ಟಿದ್ದರು. ಮೊದಲ ವಾರ ಪರೀಕ್ಷೆ. ಮನೆಯವರಿಗೂ ವಿದ್ಯಾರ್ಥಿಗೂ ಹೊಂದದಿದ್ದರೆ ಬಸ್ ನಿಲ್ದಾಣದ ಹಿಂದಿನ ಹಾಸ್ಟೆಲ್ಲು. ಹಾಸ್ಟೆಲ್ಲಿನ ಕಿಟಕಿಗಳಿಂದ ಬಸ್ಸುಗಳು ಕಾಣುತ್ತಿದ್ದವು. ಬಸ್ಸು ನೋಡಲು ತಾರ್ನಾಕದಿಂದ ಅಷ್ಟು ದೂರ ಹೋಗಬೇಕೆ? ಈ ಕಿಟಕಿ ಬಿಡಬಾರದು ಎಂದು ಹಟ ಹಿಡಿದೆ. ಅತ್ತ ಅವ್ವನಿಗೆ ಫೋನಿನಲ್ಲಿ ಒಂದೇ ಚಿಂತೆ: ಎಂಥ ಮನೆಯೋ, ಆಕೆ ಎಂಥವಳೋ.

ಮರುದಿನ ಬೆಳಗ್ಗೆ ಐದೂವರೆಗೇ ಎಚ್ಚರವಾಯಿತು. ಮುಖ ತೊಳೆಯಲು ನಲ್ಲಿ ತಿರುಗಿಸಿದೆ. ನೀರು ಬಂತು! ಮುಂದಿನದು ನಾನು ಮಾಡಿದ್ದಲ್ಲ, ತಾರ್ನಾಕ ಮಾಡಿದ್ದು. ಬಕೀಟು ತುಂಬಿತು, ಸೂಪಿನ ಎರಡು ಪಾತ್ರೆ ತುಂಬಿದವು, ಹೂದಾನಿಯೂ ತುಂಬಿತು. ಅಡುಗೆಮನೆಯಲ್ಲಿ ಜಾಗ ಸಾಲದೆ ಮಹಡಿಯ ಪಡಸಾಲೆಯಲ್ಲಿ, ನನ್ನ ಮಂಚದ ಪಕ್ಕದಲ್ಲಿ ಸಾಲಾಗಿ ಇಟ್ಟೆ. ಮುಚ್ಚಲು ತಾಟು ಹುಡುಕುವಷ್ಟು ತಾಳ್ಮೆ ಮಾತ್ರ ಇರಲಿಲ್ಲ. ಹೊರಗೆ ಸಮುದ್ರ ಕಾಯುತ್ತಿತ್ತಲ್ಲ!

ಓಡಿದೆ. ಮರಳಿನಲ್ಲಿ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿಗೆ ಇಳಿದೆ. ಅಬ್ಬಾ, ಮಂಜುಗಡ್ಡೆಯಷ್ಟು ತಣ್ಣಗೆ! ಸುಳ್ಳೇಕೆ, ಒಂದು ಬೊಗಸೆ ಬಾಯಿಗೂ ಹಾಕಿ ನೋಡಿದೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತಾರೆ. ನನ್ನ ನೆಂಟಸ್ತನದಲ್ಲಿ ಉಪ್ಪು ಬೇಕಾದಷ್ಟಿತ್ತು. ಆ ಸಂತೋಷಕ್ಕೆ ನಾನು ಒಬ್ಬಳೇ ನಕ್ಕೆ, ಬಹುಶಃ ಕೂಗಿಯೂ ಇರಬೇಕು.

ಮನೆಗೆ ಬಂದಾಗ ಪಕ್ಕದ ಮನೆಯ ಮುದುಕ ಏಣಿ ತಂದು ನಮ್ಮ ಮನೆಯ ಹೆಂಚಿನ ಮಾಡು ಹತ್ತುತ್ತಿದ್ದ. ನೆರವಾದರೆ ಒಳ್ಳೆಯ ಹುಡುಗಿ ಎನ್ನಿಸಿಕೊಳ್ಳಬಹುದೆಂದು ಒಂದು ಗಂಟೆ ಏಣಿ ಹಿಡಿದುಕೊಂಡೆ. ಏನು ಹುಡುಕುತ್ತಿದ್ದಾನೆಂದು ಕೇಳುವಷ್ಟು ಪೋರ್ಚುಗೀಸ್ ನನಗೆ ಬರುತ್ತಿರಲಿಲ್ಲ. ಮೂರು ದಿನ ಹೀಗೆಯೇ ನಡೆಯಿತು: ನಾನು ತುಂಬುವುದು, ಸಮುದ್ರಕ್ಕೆ ಓಡುವುದು, ಬಂದು ಏಣಿ ಹಿಡಿಯುವುದು.

ನಾಲ್ಕನೆಯ ದಿನ ಲೂಸಿಯಾ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಪ್ರವಾಸಿಗಳಿಂದ ಕಲಿತ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ನೀನು ಬಂದ ಸಂಜೆ ಸ್ವಲ್ಪ ಮಳೆಯಾಯಿತು, ಅಂದಿನಿಂದ ನನ್ನ ಮಾಡು ಸೋರುತ್ತಿದೆ. ಎಲ್ಲಿ ಎಂದೇ ಸಿಗುತ್ತಿಲ್ಲ. ನೀನು ಪಾಪ, ದೂರು ಹೇಳದೆ ಪಾತ್ರೆ ಇಟ್ಟುಕೊಂಡು ಮಲಗುತ್ತೀ. ಇಂಥ ಮನೆಯಲ್ಲಿ ಪರರ ಮಗಳನ್ನು ಇಟ್ಟುಕೊಳ್ಳಲಾರೆ. ಹಾಸ್ಟೆಲ್ಲಿಗೆ ಕಳಿಸಿ ಎಂದು ನಾಳೆ ಕಾಲೇಜಿಗೆ ಹೇಳುತ್ತೇನೆ.

ಮಾಡಿನಲ್ಲಿ ತೂತಿಲ್ಲ, ತೂತು ನನ್ನ ತಲೆಯಲ್ಲಿದೆ ಎಂದು ವಿವರಿಸಲು ಹೋದೆ. ಅವರಿಗೆ ಅರ್ಥವಾಗಲಿಲ್ಲ. ಎದುರಿಗೇ ಅಷ್ಟು ದೊಡ್ಡ ಕಡಲಿಟ್ಟುಕೊಂಡು ಹೂದಾನಿಯಲ್ಲಿ ನೀರು ಹಿಡಿದಿಟ್ಟೆ ಎಂದರೆ ಯಾರಿಗೆ ತಾನೆ ಅರ್ಥವಾದೀತು? ಬೇರೆ ದಾರಿ ಕಾಣದೆ ಅವ್ವನಿಗೆ ವಿಡಿಯೊ ಕರೆ ಮಾಡಿದೆ. ಅವ್ವ ಅಡುಗೆಮನೆಯಲ್ಲಿದ್ದಳು. ಬೆನ್ನ ಹಿಂದೆ ಕೊಡ, ಬಕೀಟು, ತಪೇಲಿಗಳ ಸಾಲು, ಒಂದೊಂದರ ಮೇಲೂ ತಾಟು. ನಡೆದದ್ದನ್ನೆಲ್ಲ ಕೇಳಿ ಆಕೆ ಬೈದಿದ್ದು ಒಂದಕ್ಕೇ.

“ನೀರ ತುಂಬಿದ್ದು ತಪ್ಪಲ್ಲ. ಮುಚ್ಚಿದ್ರ ಈ ಕಥಿನ ಆಗ್ತಿರಲಿಲ್ಲ. ಮುಚ್ಚಿದ ನೀರ ನೋಡಿ ಸೋರಾಕತ್ತೈತಿ ಅಂತ ಯಾರರ ಅಂತಾರೇನ?”

ಲೂಸಿಯಾ ಅವ್ವನ ಮಾತು ಕೇಳುತ್ತಿರಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆ ಪಾತ್ರೆಗಳನ್ನೇ ನೋಡುತ್ತಿದ್ದರು. ಆಮೇಲೆ ನಗತೊಡಗಿದರು. ನಗುತ್ತಲೇ ಕಿಟಕಿಗೆ ಹೋಗಿ ಪಕ್ಕದ ಮನೆಯ ಮುದುಕನನ್ನು ಕೂಗಿ ಏನೋ ಹೇಳಿದರು. ಅವನು ನಗಲಿಲ್ಲ, ಪಾಪ, ಮೂರು ದಿನ ಹತ್ತಿದವನು. ಲೂಸಿಯಾ ತಿರುಗಿ ಬಂದು ನನಗೆ ಹೇಳಿದರು: ನಾನು ಹುಡುಗಿಯಾಗಿದ್ದಾಗ ಈ ಊರಿನಲ್ಲಿ ಚೌಕದ ಕಾರಂಜಿಯೊಂದೇ ಗತಿ. ಮಣ್ಣಿನ ಕೊಡ ತಲೆಯ ಮೇಲೆ ಹೊತ್ತು ಸರದಿಯಲ್ಲಿ ನಿಲ್ಲುತ್ತಿದ್ದೆವು. ಹಾಸ್ಟೆಲ್ಲಿನ ಮಾತು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಿಸಲಿಲ್ಲ.

ಇನ್ನು ಸುಧಾರಿಸಬೇಕೆಂದು ಐದನೆಯ ದಿನ ನಲ್ಲಿಯ ತಂಟೆಗೇ ಹೋಗದೆ ನೇರ ಸಮುದ್ರಕ್ಕೆ ಹೋದೆ. ಕೈ ಚಡಪಡಿಸುತ್ತಿತ್ತು, ಜೇಬಿನಲ್ಲಿಟ್ಟುಕೊಂಡೆ. ಬಿಸಿಲೇರಿದ ಮೇಲೆ ತಿರುಗಿ ಬಂದು ನೋಡಿದರೆ ನನ್ನ ಕೋಣೆಯ ಬಾಗಿಲ ಪಕ್ಕದಲ್ಲಿ ಹಳೆಯ ಮಣ್ಣಿನ ಕೊಡವೊಂದು, ಕಂಠದವರೆಗೆ ತುಂಬಿ ಕುಳಿತಿತ್ತು. ನನಗೆ ಕಣ್ಣು ತುಂಬಿತು. ತಕ್ಷಣ ಅವ್ವನಿಗೆ ಫೋನು ಹಚ್ಚಿ, ಲೂಸಿಯಾ ತಾವೇ ನೀರು ತುಂಬಿಟ್ಟಿದ್ದಾರೆ ಎಂದೆ.

ಅವ್ವ ಕೇಳಿದಳು: “ಮುಚ್ಯಾಳೇನ?”

ಹೌದು, ನೀಲಿ ಹೂವಿನ ತಟ್ಟೆ ಮುಚ್ಚಿದ್ದಾರೆ ಎಂದೆ.

“ಹಂಗಾರ ಚಿಂತಿಲ್ಲ. ಅಲ್ಲೇ ಇರವಾ,” ಎಂದಳು ಅವ್ವ.