ಸೇತುವೆಗೆ ಬದಲು ನಮ್ಮ ಚಾಳು

ಧಾರವಾಡ, ವಿಜಾಪುರಗಳೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲವದು. ಮುಂಬಯಿ ಪರೇಲಿನ ನಮ್ಮ ಚಾಳಿನ ಮಾಲಕ ಬಾಡಿಗೆದಾರರನ್ನೆಲ್ಲ ಹೊರಹಾಕಲು ಹವಣಿಸುತ್ತಿದ್ದ. ಅದಕ್ಕೆ ಅನುಕೂಲವಾಗುವಂತೆ ಬಾಡಿಗೆ ಕಾಯ್ದೆಗೆ ತಿದ್ದುಪಡಿಯೊಂದು ವಿಧಾನಸಭೆಗೆ ಬರಲಿದೆ ಎಂದು ತಿಳಿದಾಗ, ನಮ್ಮ ಧಾರವಾಡದ ಕಡೆಯ ಶಾಸಕರೊಬ್ಬರ ಬಳಿ ಹೋದೆವು. "ನಾ ಇರೂತನಕ ಅದು ಪಾಸಾಗೂದಿಲ್ಲ" ಎಂದು ಅವರು ಎದೆ ತಟ್ಟಿಕೊಂಡರು.

ಮತದಾನದ ದಿನ ನಾನೂ ನೆರೆಮನೆಯ ಗಂಗವ್ವನೂ ವಿಧಾನಸಭೆಯ ಗ್ಯಾಲರಿಯಲ್ಲಿ ಕೂತಿದ್ದೆವು. ತಿದ್ದುಪಡಿಯ ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಅವರೇ!

ಹೊರಗೆ ಬಂದ ಕೂಡಲೆ ಅಡ್ಡಗಟ್ಟಿ ಕೇಳಿದೆ: "ಏನ್ರೀ ಸಾಹೇಬರ, ಹಿಂಗ್ಯಾಕ ಮಾಡಿದ್ರಿ?"

ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ತಿದ್ದುಪಡಿ ತಂದಿದ್ದ ಶಾಸಕ ಪಕ್ಕದಲ್ಲೇ ಇದ್ದ. ಅವನ ಹೆಗಲ ಮೇಲೆ ಕೈ ಹಾಕಿ, "ನಮ್ಮ ತಾಲೂಕಿನ ಸೇತುವೆಗೆ ಇವರು ವೋಟು ಹಾಕತಾರ. ಅದಕ್ಕ ಇವರಿಗೆ ನಾ ಹಾಕಿದೆ. ರಾಜಕಾರಣ ಅಂದ್ರ ಕೊಟ್ಟು ತಗೊಳ್ಳೂದು, ತಮ್ಮಾ" ಎಂದರು.

"ನೀವು ಕೊಟ್ಟದ್ದು ನಮ್ಮ ಮನಿ ಅಲ್ಲೇನ್ರೀ?"

"ನಿಮ್ಮ ವೋಟು ನನ್ನ ಕ್ಷೇತ್ರದಾಗ ಇಲ್ಲಲ್ಲಾ?"

ಗಂಗವ್ವ ಸೆರಗು ಬಿಗಿದು ಮುಂದೆ ಬಂದಳು. "ಆ ಸೇತುವಿ ಕೆಳಗ ಒಲಿ ಹೂಡಾಕ ಜಾಗಾ ಇಡಸ್ರಿ ಸಾಹೇಬರ. ನಾವೆಲ್ಲಾ ಅಲ್ಲಿಗೇ ಬರತೀವಿ."

ಚೇಷ್ಟೆಯೆಂದು ತಿಳಿದು ನಗುತ್ತಲೇ ಆ ಮಹಾಶಯರು ಗೆಳೆಯನೊಂದಿಗೆ ಟ್ಯಾಕ್ಸಿ ಹತ್ತಿದರು. ಉಗಿಯಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಉಗಿದಾಗಿತ್ತು.

ತಿದ್ದುಪಡಿ ಪಾಸಾಗಿ ಚಾಳು ಖಾಲಿಯಾಯಿತು. ನಾವು ಚೆಂಬೂರಿಗೆ ಹೋದೆವು, ಗಂಗವ್ವ ಗೋರೆಗಾಂವಿನ ತಂಗಿಯ ಮನೆ ಸೇರಿದಳು. ಶಾಸಕರು ಮುಂದೆ ಮಂತ್ರಿಯಾದರೆಂದು ಕೇಳಿದೆ. ಅಷ್ಟು ಹಗುರಾಗಿ ಕೈ ಎತ್ತುವವರು ಮೇಲೇರದೆ ಇರುತ್ತಾರೆಯೇ?