ಬಾಗಿಲಲ್ಲಿ ನಿಂತಿದ್ದ ಮಾದೇಶ

ನಂಬುವವರು ನಂಬಿ, ಬಿಡುವವರು ಬಿಡಿ. ಯಾರೋ ಹೇಳಿದ್ದನ್ನು ಕೇಳಿ ನಾನಿದನ್ನು ಬರೆಯುತ್ತಿಲ್ಲ. ಆ ರಾತ್ರಿ ಫೋನು ನನ್ನ ಕಿವಿಯಲ್ಲೇ ಇತ್ತು, ಗಂಡನ ಕೈ ನನ್ನ ಕೈಯಲ್ಲೇ ಇತ್ತು.

ನನ್ನ ಗಂಡ ಮಾದೇಶ ಪಾಲಕೋಡ್ ಮಂಡಿಯಿಂದ ಟೊಮೇಟೊ ಸಾಗಿಸುವ ಗಾಡಿ ಓಡಿಸುತ್ತಿದ್ದರು. ಒಂದು ಸಂಜೆ ಬೈಕಿನಲ್ಲಿ ಮನೆಗೆ ಬರುವಾಗ ನಾಯಿ ಅಡ್ಡ ಬಂದು ಬಿದ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಏಟೆಲ್ಲ ತಲೆಗೇ. ಸೇಲಂನ ಆಸ್ಪತ್ರೆಯಲ್ಲಿ, ಊದಿದ ಮೆದುಳಿಗೆ ಜಾಗವಾಗಲಿ ಎಂದು ಬುರುಡೆಯ ಒಂದು ತುಂಡನ್ನೇ ತೆಗೆದರು. ಉಸಿರಾಡಲು ಗಂಟಲಿಗೆ ತೂತು ಮಾಡಿ ಟ್ಯೂಬ್ ಇಟ್ಟರು. ಅದು ಇರುವವರೆಗೆ ಎಚ್ಚರವಾದರೂ ದನಿ ಬರುವುದಿಲ್ಲ ಎಂದು ನರ್ಸಮ್ಮ ಮೊದಲೇ ಹೇಳಿದ್ದರು.

ವಾರ್ಡಿಗೆ ತಂದ ಮೇಲೆ ರಾತ್ರಿ ಹೊತ್ತು ನಾನೇ ಜೊತೆಗಿರುತ್ತಿದ್ದೆ. ಫಿನಾಯಿಲ್ ವಾಸನೆ... ಟ್ಯೂಬಿನೊಳಗೆ ಕಫದ ಗೊರಗೊರ ಸದ್ದು...

ಆ ರಾತ್ರಿ ಗೊರಗೊರ ನಿಂತಂತಾಯಿತು. ಎದ್ದು ನೋಡಿದೆ. ಎದೆ ಏರಿಳಿಯುತ್ತಿತ್ತು. ಕೈ ಮಾತ್ರ ತಣ್ಣಗಾಗಿತ್ತು. ಹಿಡಿದುಕೊಂಡು ಉಜ್ಜುತ್ತಾ ಕೂತೆ.

ಆಗ ಫೋನು ಬಂತು. ಊರಿನಿಂದ ಅತ್ತೆ.

"ಗೌರಿ, ಇವ್ನ ಯಾವಾಗ ಬಿಟ್ರು ಆಸ್ಪತ್ರೇಲಿ? ನೀನ್ಯಾಕೆ ಜೊತೇಲಿ ಬರ್ಲಿಲ್ಲ?"

"ಯಾರ್ನ ಅತ್ತೆ?"

"ಮಾದೇಸನ್ನ. ಬಾಗ್ಲಲ್ಲಿ ನಿಂತವ್ನೆ. ತಲೇಲಿ ಕಟ್ಟೂ ಇಲ್ಲ, ಏನೂ ಇಲ್ಲ. ಒಳಕ್ ಬಾ ಅಂದ್ರೆ, ಕೈ ಇಡ್ಕೊ ಅಂತ ಕೈ ನೀಡ್ತಾವ್ನೆ."

"ಅತ್ತೆ... ಅವ್ರು ಇಲ್ಲೇ ಅವ್ರೆ. ನಾನು ಕೈ ಇಡ್ಕೊಂಡೇ ಕುಂತಿವ್ನಿ."

ಆ ಕಡೆ ಅತ್ತೆಯ ಉಸಿರು ಕೇಳಿಸುತ್ತಿತ್ತು. ಅದರ ಹಿಂದೆ, ತುಸು ದೂರದಿಂದ, ಇನ್ನೊಂದು ದನಿ...

"ಯಮ್ಮಾ, ಚಳಿ ಆಯ್ತೈತೆ."

ಅದು ನನ್ನ ಗಂಡನ ದನಿ. ಅದರಲ್ಲಿ ಅನುಮಾನವೇ ಇಲ್ಲ.

ಮರುಕ್ಷಣ ಬಾಗಿಲು ಬಡಿದುಕೊಂಡ ಸದ್ದು. ಚಿಲಕ ಬಿದ್ದ ಸದ್ದು. ಅತ್ತೆ ಅಳತೊಡಗಿದರು.

ನನ್ನ ಕೈಯೊಳಗಿದ್ದ ಬೆರಳುಗಳು ಒಮ್ಮೆ ಬಿಗಿಯಾದವು. ಆಮೇಲೆ ಸಡಿಲವಾದವು.

ಬೆಳಿಗ್ಗೆ ನಾನು ಆಚೆ ಮುಖ ತೊಳೆಯುತ್ತಿದ್ದಾಗ, "ಕಣ್ ತೊರಂದುಟ್ಟಾರು ಮ್ಮಾ", ಕಣ್ಣು ಬಿಟ್ಟರಮ್ಮ ಎಂದು ನರ್ಸಮ್ಮ ತಮಿಳಿನಲ್ಲಿ ಹೇಳುತ್ತಾ ನಗುತ್ತಾ ಬಂದರು. ಹೋಗಿ ನೋಡಿದೆ. ಕಣ್ಣು ತೆರೆದಿದ್ದವು, ನಿಜ. ಆದರೆ ಗೋಡೆಯನ್ನು ನೋಡುವಂತೆಯೇ ನನ್ನನ್ನೂ ನೋಡಿದವು. ಹೆಸರು ಹಿಡಿದು ಕರೆದೆ. ರೆಪ್ಪೆ ಕೂಡ ಅಲುಗಲಿಲ್ಲ.

ದೊಡ್ಡ ಡಾಕ್ಟರು ಮೆಲ್ಲಗೆ ತಿಳಿಸಿ ಹೇಳಿದರು. ಇಂಥ ಏಟಾದವರು ಕಣ್ಣು ಬಿಡುವುದುಂಟು, ಅದನ್ನೇ ಎಚ್ಚರ ಅಂದುಕೊಳ್ಳಬೇಡಿ ಎಂದರು. ಫೋನಿನ ಸಂಗತಿ ಹೇಳಿದ್ದಕ್ಕೆ, ನಿದ್ದೆಗೆಟ್ಟವರಿಗೆ ಹಾಗೆಲ್ಲ ಅನಿಸುತ್ತದೆ ಎಂದರು. ಎರಡೂರಲ್ಲಿದ್ದ ಇಬ್ಬರಿಗೂ ಒಟ್ಟಿಗೇ ಅನಿಸುತ್ತದೆಯೇ ಎಂದು ಕೇಳುವ ಶಕ್ತಿ ನನಗಿರಲಿಲ್ಲ.

ಮುಂದೆ ಬುರುಡೆಯ ತುಂಡನ್ನು ಮತ್ತೆ ಕೂರಿಸಿದರು. ಗಂಟಲಿನ ಟ್ಯೂಬ್ ತೆಗೆದರು. ತೂತು ಮುಚ್ಚಿಕೊಂಡಿತು, ಮಾತು ಬರಲಿಲ್ಲ. ಇನ್ನು ಹೆಚ್ಚಿನದನ್ನು ನಿರೀಕ್ಷಿಸಬೇಡಿ ಎಂದು ಮನೆಗೆ ಕಳಿಸಿದರು. ದಿನವೂ ಅವರ ಕೈಕಾಲು ಮಡಿಸಿ ಬಿಡಿಸುತ್ತೇನೆ. ಮೂಗಿನ ಟ್ಯೂಬಿನಲ್ಲಿ ಗಂಜಿ ಬಿಡುತ್ತೇನೆ. ಹುಣ್ಣಾಗದಂತೆ ಮಗ್ಗುಲು ತಿರುಗಿಸುತ್ತೇನೆ. ಬಿಟ್ಟ ಕಣ್ಣು ಬಿಟ್ಟೇ ಇರುತ್ತವೆ.

"ಬಂದೋನ್ನ ನಾನೇ ಅಲ್ವಾ ಆಚೆ ನಿಲ್ಸಿದ್ದು..." ಎಂದು ಅತ್ತೆ ಒಮ್ಮೆ ಅಂದರು. ಆಮೇಲೆ ಆ ಮಾತು ಎತ್ತಿಲ್ಲ. ಆದರೆ ಅಂದಿನಿಂದ ಎಂಥ ಚಳಿಯಲ್ಲೂ ನಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕಲು ಬಿಡುವುದಿಲ್ಲ.

ಹೋದ ವಾರ ಅತ್ತೆ ಮಲಗಿದ ಮೇಲೆ, ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಹೊಸ್ತಿಲಾಚೆ ಯಾರೋ ಚಪ್ಪಲಿ ಬಿಟ್ಟರು.

"ಗೌರಿ..."

ಅದೇ ದನಿ. ಮಂಚದ ಕಡೆ ನೋಡಿದೆ. ಅವರು ಸೂರು ನೋಡುತ್ತಾ ಮಲಗಿದ್ದರು. ತುಟಿ ಅಲುಗಿರಲಿಲ್ಲ.

ಆಚೆ ನಿಂತಿರುವುದು ಅವರೇ ಆದರೆ, ಇಷ್ಟು ದಿನ ನಾನು ಮೈ ಒರೆಸಿ ಮಲಗಿಸುತ್ತಿರುವುದು ಯಾರನ್ನು? ಅವರಲ್ಲದಿದ್ದರೆ... ಬಾಗಿಲಿಗೆ ಚಿಲಕ ಹಾಕಿಲ್ಲ.

ಒಳಗೆ ಬನ್ನಿ ಎನ್ನುವ ಮಾತು ಬಾಯಿವರೆಗೂ ಬಂತು. ಅನ್ನಲಿಲ್ಲ.

ತುಂಬಾ ಹೊತ್ತಿನ ಮೇಲೆ, ಆಚೆ ಮತ್ತೆ ಚಪ್ಪಲಿ ಮೆಟ್ಟಿಕೊಂಡ ಸದ್ದು ಕೇಳಿಸಿತು.